ಊರೂರು ತಿರುಗಿದ ಆಟಗಾರ: ಕಾರ್ಲ್‌ಟನ್ ಚಾಪ್‌ಮನ್



"ಆಟ ಆಡಿದ್ರೆ ಹೊಟ್ಟೆ ತುಂಬುತ್ತೇನೋ?" ಈ ಮಾತು ಕೇಳದ ಹುಡುಗರು ನಮ್ಮ ಕಮ್ಮನಹಳ್ಳಿಯಲ್ಲಿ ಇಲ್ಲ. ಸಂಜೆ ಮಣ್ಣು ಮೆತ್ತಿದ ಕಾಲಲ್ಲಿ ಮನೆಗೆ ಹೋದರೆ ಮೊದಲು ಎದುರಾಗುವುದು ಇದೇ ಪ್ರಶ್ನೆ. ನನಗೂ ಅಜ್ಜ ಬಹಳ ಸಲ ಕೇಳಿದ್ದಾರೆ. ನಾನು ತಲೆ ತಗ್ಗಿಸಿ ಕೈಕಾಲು ತೊಳೆಯೋಕೆ ಹೋಗುತ್ತಿದ್ದೆ. ಈ ಸಲ ಉತ್ತರ ಹುಡುಕಿಯೇ ಬಿಡೋಣ ಎಂದು ನಮ್ಮ ಬೆಂಗಳೂರಿನ ಒಬ್ಬ ಆಟಗಾರರ ಜೀವನ ಓದಿದೆ. ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಕಡೆಯ ಫುಟ್‌ಬಾಲ್

ಬೆಂಗಳೂರು ಎಂದರೆ ಎಲ್ಲರೂ ಕ್ರಿಕೆಟ್ ಎನ್ನುತ್ತಾರೆ. ಆದರೆ ದಂಡು ಪ್ರದೇಶದಲ್ಲಿ ಫುಟ್‌ಬಾಲ್ ಬಹಳ ಹಳೆಯದು. ಹಲಸೂರಿನ ಗೌತಮಪುರಕ್ಕೆ ಹೋದರೆ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನೇ ನೋಡಬಹುದು! 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ಆ ಪಂದ್ಯದಲ್ಲಿ ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಅವರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋಗಿ ಸುಮಾರು ಹತ್ತು ವರ್ಷ ಅಲ್ಲೇ ಆಡಿದರು.

ಅಂದರೆ ಒಳ್ಳೆಯ ಆಟಗಾರರು ಇಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ದೂರ ಹೋಗುವುದು ಹೊಸದಲ್ಲ. ಆದರೆ ಅಹ್ಮದ್ ಖಾನ್ ಹೋದ ಕಡೆ ನೆಲೆ ನಿಂತರು. ನಾನು ಓದಿದ ಆಟಗಾರರು ಒಂದು ಕಡೆ ನಿಲ್ಲಲಿಲ್ಲ. ಅವರೇ ಕಾರ್ಲ್‌ಟನ್ ಚಾಪ್‌ಮನ್.

ಅವರು ತಿರುಗಿದ ದಾರಿ

ಚಾಪ್‌ಮನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1971ರ ಏಪ್ರಿಲ್ 13ರಂದು. ಅವರು ಆಡುತ್ತಿದ್ದ ಜಾಗಕ್ಕೆ ಮಿಡ್‌ಫೀಲ್ಡ್ ಎಂದು ಹೆಸರು. ಮೈದಾನದ ನಡುಭಾಗ ಎಂದು ತಿಳಿಯಿರಿ. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ದಾಟಿಸುವುದು, ಸಮಯ ಸಿಕ್ಕರೆ ತಾವೇ ಗೋಲು ಹೊಡೆಯುವುದು ಮಿಡ್‌ಫೀಲ್ಡರನ ಕೆಲಸ. ಇಡೀ ಪಂದ್ಯ ಓಡುತ್ತಲೇ ಇರಬೇಕು.

ಭಾರತದ ಭೂಪಟ ತೆಗೆದುಕೊಂಡು ಈ ಊರುಗಳನ್ನು ಗುರುತು ಹಾಕುತ್ತಾ ಹೋಗಿ:

1990: ಜಮ್ಷೆಡ್‌ಪುರ. ಅಲ್ಲಿನ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಆ ಊರು ಆಗ ಬಿಹಾರದಲ್ಲಿತ್ತು, 2000ದಿಂದ ಜಾರ್ಖಂಡ್‌ಗೆ ಸೇರಿದೆ. ಅಕಾಡೆಮಿ ಎಂದರೆ ಹಾಸ್ಟೆಲಿನಲ್ಲಿದ್ದು ಆಟ ಕಲಿಯುವ ಶಾಲೆ.

1993: ಕಲ್ಕತ್ತ. ಈಸ್ಟ್ ಬೆಂಗಾಲ್ ಕ್ಲಬ್.

1995: ಪಂಜಾಬಿನ ಫಗ್ವಾರಾ. ಜೆ.ಸಿ.ಟಿ. ತಂಡ. ಇದು ಬಟ್ಟೆ ಗಿರಣಿಯವರು ಕಟ್ಟಿದ ತಂಡ.

1997: ಕೇರಳದ ಕೊಚ್ಚಿ. ಆ ವರ್ಷವೇ ಹೊಸದಾಗಿ ಹುಟ್ಟಿದ್ದ ಎಫ್.ಸಿ. ಕೊಚ್ಚಿನ್ ತಂಡ.

1998: ಮತ್ತೆ ಕಲ್ಕತ್ತ, ಮತ್ತೆ ಈಸ್ಟ್ ಬೆಂಗಾಲ್.

2001: ಆಟದಿಂದ ನಿವೃತ್ತಿ.

ಪೂರ್ವ, ಉತ್ತರ, ದಕ್ಷಿಣ, ಮತ್ತೆ ಪೂರ್ವ. ಹಿಂದಿ, ಬಂಗಾಳಿ, ಪಂಜಾಬಿ, ಮಲಯಾಳ ಮಾತಾಡುವ ಊರುಗಳು. ನಾವು ಹೊಸ ತರಗತಿಗೆ ಹೋದಾಗ ಪಕ್ಕದಲ್ಲಿ ಯಾರು ಕೂರುತ್ತಾರೋ ಎಂದು ಎರಡು ದಿನ ಹೆದರುತ್ತೇವೆ. ಅವರು ಪ್ರತಿ ಸಲ ಹೊಸ ಊರು, ಹೊಸ ಊಟ, ಹೊಸ ಜೊತೆಗಾರರು ಎಂದು ಮೊದಲಿನಿಂದ ಶುರು ಮಾಡಬೇಕಿತ್ತು.

ಹೋದಲ್ಲೆಲ್ಲ ಏನು ಮಾಡಿದರು?

ಬರೀ ತಿರುಗಿದ್ದಲ್ಲ, ಹೋದ ಕಡೆ ಕೆಲಸ ಮಾಡಿ ತೋರಿಸಿದರು. 1993ರಲ್ಲಿ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ತಂಡ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಿಂದ ಸೋಲಿಸಿತು. ಆ ಆರರಲ್ಲಿ ಮೂರು ಗೋಲು ಚಾಪ್‌ಮನ್‌ರದು! ಆಗ ಅವರಿಗೆ ಬರೀ 22 ವರ್ಷ.

1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಯಿತು. ಅದರ ಮೊದಲ ವರ್ಷವೇ (1996-97) ಜೆ.ಸಿ.ಟಿ. ಗೆದ್ದಿತು. ಆ ತಂಡದಲ್ಲಿ ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಬೈಚುಂಗ್ ಭುಟಿಯಾ, ಬೆಂಗಳೂರಿನ ಚಾಪ್‌ಮನ್ ಮೂವರೂ ಇದ್ದರು. ದೇಶದ ಮೂರು ಮೂಲೆಯವರು ಪಂಜಾಬಿನ ಒಂದು ಸಣ್ಣ ಪಟ್ಟಣಕ್ಕೆ ಕಪ್ ತಂದುಕೊಟ್ಟರು. ಮುಂದೆ 2001ರಲ್ಲಿ ಈಸ್ಟ್ ಬೆಂಗಾಲ್ ಅದೇ ಲೀಗ್ ಗೆದ್ದಾಗ ಚಾಪ್‌ಮನ್ ಅವರೇ ನಾಯಕರು. 1990ರ ದಶಕದಲ್ಲಿ ಭಾರತ ತಂಡಕ್ಕೂ ಆಡಿದರು, ಕೆಲಕಾಲ ನಾಯಕರೂ ಆಗಿದ್ದರು.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಸಂತೋಷ್ ಟ್ರೋಫಿ ರಾಜ್ಯ ರಾಜ್ಯಗಳ ನಡುವಿನ ಪಂದ್ಯಾವಳಿ. ಅದನ್ನು ಚಾಪ್‌ಮನ್ ಗೆದ್ದದ್ದು ಬಂಗಾಳದ ಪರ. "ನಮ್ಮವರಾಗಿ ಬಂಗಾಳಕ್ಕೆ ಆಡಿದರಾ?" ಎಂದು ನನಗೂ ಮೊದಲು ಸಿಟ್ಟು ಬಂತು. ಆಮೇಲೆ ಅರ್ಥವಾಯಿತು. ಆಟಗಾರ ಯಾವ ರಾಜ್ಯದ ಕ್ಲಬ್ಬಿನಲ್ಲಿ ದುಡಿಯುತ್ತಾನೋ ಆ ರಾಜ್ಯಕ್ಕೆ ಆಡುವುದು ವಾಡಿಕೆ. ವರ್ಗವಾಗಿ ಬಂದ ಮೇಷ್ಟ್ರು ಬಂದ ಊರಿನ ಮಕ್ಕಳಿಗೇ ಪಾಠ ಹೇಳುತ್ತಾರಲ್ಲ, ಹಾಗೆ.

ಯಾಕೆ ಒಂದೇ ಕಡೆ ನಿಲ್ಲಲಿಲ್ಲ?

ಆಡಿ ಬದುಕುವುದಕ್ಕೆ ನಮ್ಮ ದೇಶದಲ್ಲಿ ಎರಡು ದಾರಿ ಉಂಟು.

ಮೊದಲನೆಯದು ಕಚೇರಿಯ ದಾರಿ. ದೂರವಾಣಿನಗರದ ಐ.ಟಿ.ಐ., ಆಮೇಲೆ ಎಚ್.ಎ.ಎಲ್. ಇಂಥ ಕಾರ್ಖಾನೆಗಳು ತಮ್ಮದೇ ಫುಟ್‌ಬಾಲ್ ತಂಡ ಕಟ್ಟಿದ್ದವು. ಆಟಗಾರನಿಗೆ ಅಲ್ಲೇ ನೌಕರಿ. ಕಾಲು ಸೋತ ಮೇಲೂ ಸಂಬಳ ತಪ್ಪುವುದಿಲ್ಲ.

ಎರಡನೆಯದು ಕರಾರಿನ ದಾರಿ. ಕ್ಲಬ್ಬಿನವರು ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಇಷ್ಟು ಹಣ ಎಂದು ಬರೆದುಕೊಡುತ್ತಾರೆ. ಚೆನ್ನಾಗಿ ಆಡಿದರೆ ಹೆಚ್ಚು ಹಣ. ಗಾಯವಾದರೆ, ಆಟ ಇಳಿದರೆ, ಕ್ಲಬ್ಬಿಗೇ ಹಣ ಸಾಲದೆ ಹೋದರೆ ಮನೆಗೆ. ಕ್ಲಬ್ಬುಗಳೂ ಶಾಶ್ವತವಲ್ಲ. ಎಫ್.ಸಿ. ಕೊಚ್ಚಿನ್ ಕೆಲವೇ ವರ್ಷದಲ್ಲಿ ಮುಚ್ಚಿಹೋಯಿತು. ಮೊದಲ ಲೀಗ್ ಗೆದ್ದ ಜೆ.ಸಿ.ಟಿ. ಕೂಡ 2011ರಲ್ಲಿ ತನ್ನ ತಂಡವನ್ನು ನಿಲ್ಲಿಸಿತು. ಹಾಗಾಗಿ ಈ ದಾರಿ ಹಿಡಿದವರು ಕರೆದ ಕಡೆ ಹೋಗಬೇಕು. ಇದನ್ನು ಚಂಚಲತೆ ಎನ್ನಬಾರದು. ಬೆಳೆ ಇದ್ದ ಕಡೆ ಕೂಲಿಗೆ ಹೋಗುವುದು ತಪ್ಪೇ?

ಬ್ಯಾಸ್ಕೆಟ್‌ಬಾಲ್ ಆಡುವ ನಮ್ಮ ಅಕ್ಕಂದಿರಿಗಾಗಿ ಒಂದು ಉದಾಹರಣೆ ಕೊಡುತ್ತೇನೆ. ಕೇರಳದ ಗೀತು ಅನ್ನಾ ಜೋಸ್ ಭಾರತ ತಂಡದ ನಾಯಕಿಯಾಗಿದ್ದವರು. ಅವರು ದಕ್ಷಿಣ ರೈಲ್ವೆಯ ನೌಕರಿಯಲ್ಲಿದ್ದುಕೊಂಡೇ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಕ್ಲಬ್ಬಿಗೆ ಹೋಗಿ ಆಡಿದರು. 2011ರಲ್ಲಿ ಅಮೆರಿಕದ ದೊಡ್ಡ ಮಹಿಳಾ ಲೀಗಿನ ಆಯ್ಕೆಗೂ ಹೋದರು. ಅಲ್ಲಿ ಅವಕಾಶ ಸಿಗಲಿಲ್ಲ. ಆದರೆ ಹಿಂದೆ ನೌಕರಿ ಇತ್ತು. ಅವರು ಎರಡೂ ದಾರಿಗಳಲ್ಲಿ ಒಂದೊಂದು ಕಾಲಿಟ್ಟು ನಡೆದರು.

ಒಂದು ಲೆಕ್ಕ

ಈಗ ಗಣಿತಕ್ಕೆ ಬರೋಣ. 22ನೇ ವಯಸ್ಸಿಗೆ ಸರ್ಕಾರಿ ನೌಕರಿಗೆ ಸೇರಿದವರು 60ಕ್ಕೆ ನಿವೃತ್ತರಾದರೆ 38 ವರ್ಷ ಸಂಬಳ. ಚಾಪ್‌ಮನ್ 1993ರಿಂದ 2001ರವರೆಗೆ ಕ್ಲಬ್ಬುಗಳಿಗೆ ಆಡಿದರು, ಅಂದರೆ ಬರೀ 8 ವರ್ಷ. ನಿವೃತ್ತಿಯಾದಾಗ ವಯಸ್ಸು 30. ಅರವತ್ತಕ್ಕೆ ಇನ್ನೂ 30 ವರ್ಷ ಬಾಕಿ!

ಈ ಲೆಕ್ಕ ಮಾಡಿದ ಮೇಲೆ ಅಜ್ಜನ ಪ್ರಶ್ನೆ ಸುಳ್ಳಲ್ಲ ಅನ್ನಿಸಿತು. ಆಟ ಹೊಟ್ಟೆ ತುಂಬಿಸುತ್ತದೆ, ಆದರೆ ಕೆಲವೇ ವರ್ಷ. ಆಮೇಲೆ?

ಚಾಪ್‌ಮನ್ ಆಮೇಲೆ ಮೇಷ್ಟ್ರಾದರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಹುಡುಗರಿಗೆ ತರಬೇತಿ ಕೊಟ್ಟರು. ಆಮೇಲೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕಲ್ಕತ್ತೆಯ ಭವಾನಿಪುರ, ದೆಹಲಿಯ ಸುದೇವ, ಕೋಯಿಕ್ಕೋಡಿನ ಕ್ವಾರ್ಟ್ಜ್ ತಂಡಗಳಲ್ಲಿ ದುಡಿದರು. ತಿರುಗಾಟ ನಿಲ್ಲಲಿಲ್ಲ. ಕಾಲಿನಲ್ಲಿದ್ದ ವಿದ್ಯೆ ಬಾಯಿಗೆ ಬಂತು, ಅಷ್ಟೇ. ಕೊನೆಗೆ 2020ರ ಅಕ್ಟೋಬರ್ 12ರಂದು ಹೃದಯಾಘಾತದಿಂದ ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ಅವರಿಗೆ 49 ವರ್ಷ. ಅದನ್ನು ಓದಿದ ದಿನ ಮನಸ್ಸಿಗೆ ಬಹಳ ಬೇಜಾರಾಯಿತು.

ನಾನು ಕಲಿತದ್ದು

ಒಂದು: ಎಲ್ಲಿಗಾದರೂ ಹೋಗಿ ಹೊಂದಿಕೊಳ್ಳುವುದೂ ಒಂದು ವಿದ್ಯೆ. ಅದಕ್ಕೆ ಹಿಂದಿ, ಇಂಗ್ಲಿಷ್ ಪಾಠ ಬೇಕು. ಭೂಗೋಳ ಗೊತ್ತಿದ್ದರೆ ಹೆದರಿಕೆ ಕಡಿಮೆ.

ಎರಡು: ಕರಾರಿನ ಕಾಗದ ಓದಿ ಅರ್ಥ ಮಾಡಿಕೊಳ್ಳಲು, ಹಣದ ಲೆಕ್ಕ ಇಡಲು ಓದು ಬೇಕು. ಆಟಗಾರನಿಗೆ ಪುಸ್ತಕ ಬೇಡ ಅನ್ನುವವರು ಮೂವತ್ತರವರೆಗೆ ಮಾತ್ರ ಯೋಚಿಸಿದ್ದಾರೆ.

ಮೂರು: ಆಡುವಾಗಲೇ ಕಲಿಸುವುದನ್ನೂ ಕಲಿಯಬೇಕು.

ಇದನ್ನೆಲ್ಲ ಅಜ್ಜನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆಡು. ಲೆಕ್ಕದ ಪುಸ್ತಕಾನೂ ತೆಗಿ" ಅಂದರು. ಎರಡನ್ನೂ ಮಾಡುತ್ತಿದ್ದೇನೆ.

ಯೋಚಿಸಿ ಉತ್ತರಿಸಿ

1. ಚಾಪ್‌ಮನ್ ಆಡಿದ ಊರುಗಳನ್ನು ಭೂಪಟದಲ್ಲಿ ಗುರುತಿಸಿ, ಕ್ರಮವಾಗಿ ಗೆರೆ ಎಳೆಯಿರಿ.

2. ಕಚೇರಿಯ ದಾರಿ, ಕರಾರಿನ ದಾರಿ, ಇವೆರಡರಲ್ಲಿ ನಿಮ್ಮ ಆಯ್ಕೆ ಯಾವುದು? ಕಾರಣ ಬರೆಯಿರಿ.

3. ನಿಮ್ಮ ಮನೆಯಲ್ಲಿ ದುಡಿಯಲು ಬೇರೆ ಊರಿಗೆ ಹೋದವರು ಇದ್ದಾರೆಯೇ? ಅಲ್ಲಿ ಅವರಿಗೆ ಮೊದಲು ಕಷ್ಟ ಅನ್ನಿಸಿದ್ದು ಏನು ಎಂದು ಕೇಳಿ ಬರೆಯಿರಿ. ಉತ್ತಮ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಅಂಟಿಸೋಣ.