ಒತ್ತಿದ ಗುಂಡಿ ಓಗೊಡದಿರುವುದೇಕೆ?

ಕೊಡಗಿನ ಗಡಿಯಲ್ಲಿ, ಕಾವೇರಿಯ ದಡದಲ್ಲಿರುವ ಶಿರಂಗಾಲದಂತಹ ಊರಿನಿಂದಲೂ ಇಂದು ವಿದ್ಯಾರ್ಥಿಗಳು ಕಾಲೇಜಿನ ಅರ್ಜಿಯನ್ನೂ ಪರೀಕ್ಷೆಯ ಶುಲ್ಕವನ್ನೂ ಕಂಪ್ಯೂಟರಿನ ಮೂಲಕವೇ ಸಲ್ಲಿಸುವರು. ಅರ್ಜಿಯನ್ನು ತುಂಬಿ, ‘ಸಲ್ಲಿಸು’ ಎಂಬ ಗುಂಡಿಯ ಮೇಲೆ ಮೌಸಿನ ಬಾಣವನ್ನಿರಿಸಿ ಒತ್ತಿದೊಡನೆ ಕೆಲವು ವೇಳೆ ಪುಟವು ಕಲ್ಲಿನಂತೆ ನಿಶ್ಚಲವಾಗುವುದುಂಟು. ಬಾಣವೇನೋ ತೆರೆಯ ಮೇಲೆ ಸರಾಗವಾಗಿ ಓಡಾಡುತ್ತದೆ. ಆದರೆ ಗುಂಡಿಯ ಬಣ್ಣ ಬದಲಾಗದು, ಆಯ್ಕೆಯ ಪಟ್ಟಿ ತೆರೆಯದು. ಒತ್ತಿದ್ದು ತಾಗಲಿಲ್ಲವೆಂದು ಬಗೆದು ವಿದ್ಯಾರ್ಥಿಯು ಮತ್ತೆರಡು ಸಲ ಒತ್ತುವನು. ಕೆಲವು ಸೆಕೆಂಡುಗಳ ತರುವಾಯ ಪುಟವು ಥಟ್ಟನೆ ಎಚ್ಚತ್ತು, ಮೂರು ಒತ್ತುಗಳಿಗೂ ಒಂದರ ಹಿಂದೊಂದರಂತೆ ಓಗೊಡುತ್ತದೆ. ಒಂದೇ ಅರ್ಜಿ ಮೂರು ಸಲ ಹೋಗಬಹುದು. ಶುಲ್ಕವೂ ಒಂದಕ್ಕಿಂತ ಹೆಚ್ಚು ಸಲ ಕಡಿತವಾಗಬಹುದು.

ಇದು ಮೌಸಿನ ದೋಷವೆ, ಅಥವಾ ಜಾಲದ ದೋಷವೆ? ವಿಚಾರಮಾಡಿ ನೋಡಿದರೆ ಎರಡೂ ಅಲ್ಲವೆಂದು ತಿಳಿದುಬರುತ್ತದೆ. ದೋಷವಿರುವುದು ಪುಟವು ಕಾಯುವ ಕ್ರಮದಲ್ಲಿ.

ಒಬ್ಬನೇ ಗುಮಾಸ್ತ

ಒಂದು ಹಳ್ಳಿಯ ಸಹಕಾರ ಸಂಘದಲ್ಲಿ ಒಬ್ಬನೇ ಗುಮಾಸ್ತನಿದ್ದಾನೆಂದು ಭಾವಿಸಿರಿ. ಬಾಗಿಲಲ್ಲಿರುವ ಜವಾನನು ಜನರಿಂದ ಚೀಟಿಗಳನ್ನು ಪಡೆದು, ಬಂದ ಕ್ರಮದಲ್ಲಿಯೇ ಮೇಜಿನ ಮೇಲೆ ಸಾಲಾಗಿ ಇಡುತ್ತಾನೆ. ಗುಮಾಸ್ತನು ಒಂದು ಚೀಟಿಯ ಕೆಲಸವನ್ನು ಪೂರ್ತಿಯಾಗಿ ಮುಗಿಸಿದ ಮೇಲೆಯೇ ಮುಂದಿನದನ್ನು ಕೈಗೆತ್ತಿಕೊಳ್ಳುವನು. ಈಗ ಒಂದು ಚೀಟಿಯ ವಿಚಾರವಾಗಿ ಮಡಿಕೇರಿಯ ಕಚೇರಿಯನ್ನು ಕೇಳಬೇಕಾಯಿತು. ಅವನಿಗೆ ಎರಡು ದಾರಿಗಳುಂಟು. ಟೆಲಿಫೋನು ಮಾಡಿ, ಉತ್ತರ ಬರುವ ತನಕ ರಿಸೀವರನ್ನು ಕಿವಿಯಿಂದ ತೆಗೆಯದೆ ಕುಳಿತಿರುವುದು ಒಂದು. ಪ್ರಶ್ನೆಯನ್ನು ಬರೆದು ಕಳುಹಿಸಿ, ಉತ್ತರ ಬಂದಾಗ ಅದನ್ನೂ ಒಂದು ಚೀಟಿಯಂತೆ ಸಾಲಿನಲ್ಲಿಡಲು ಜವಾನನಿಗೆ ಹೇಳಿ, ತಾನು ಮುಂದಿನ ಕೆಲಸಕ್ಕೆ ತೊಡಗುವುದು ಇನ್ನೊಂದು.

ಬ್ರೌಸರಿನಲ್ಲಿ ಈ ಗುಮಾಸ್ತನ ಸ್ಥಾನದಲ್ಲಿರುವುದಕ್ಕೆ ‘ಮುಖ್ಯ ಎಳೆ’ ಎಂದು ಹೆಸರು. ಎಳೆಯೆಂದರೆ ಒಂದಾದ ಮೇಲೊಂದರಂತೆ ನಡೆಯುವ ಆದೇಶಗಳ ಸರಣಿ. ಪುಟದ ಜಾವಾಸ್ಕ್ರಿಪ್ಟ್ ಆದೇಶಗಳನ್ನು ನಡೆಸುವುದು, ಬದಲಾದ ಪುಟವನ್ನು ಮತ್ತೆ ಚಿತ್ರಿಸುವುದು, ಮೌಸಿನ ಚಲನೆಗೂ ಒತ್ತಿಗೂ ಉತ್ತರ ಕೊಡುವುದು ಇವೆಲ್ಲವೂ ಇದೊಂದೇ ಎಳೆಯ ಪಾಲಿನ ಕೆಲಸಗಳು. ಮೌಸಿನ ಪ್ರತಿಯೊಂದು ಒತ್ತೂ ಒಂದು ‘ಘಟನೆ’, ಅಂದರೆ ಮೇಜಿನ ಮೇಲಿನ ಒಂದು ಚೀಟಿ. ಬಾಣವನ್ನು ಚಿತ್ರಿಸುವುದು ಮಾತ್ರ ಬ್ರೌಸರಲ್ಲ, ಅದರ ಕೆಳಗಿರುವ ಕಾರ್ಯಾಚರಣ ವ್ಯವಸ್ಥೆ. ಆದ್ದರಿಂದಲೇ ಪುಟ ಸ್ತಬ್ಧವಾದರೂ ಬಾಣ ಓಡಾಡುತ್ತಿರುತ್ತದೆ. ಪುಟವನ್ನು ಮೇಲೆ ಕೆಳಗೆ ಸರಿಸುವ ಕೆಲಸವನ್ನೂ ಈಗಿನ ಬ್ರೌಸರುಗಳು ಬಹುಮಟ್ಟಿಗೆ ಬೇರೊಂದು ಎಳೆಗೆ ವಹಿಸಿವೆ.

ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬವರು ನೆಟ್‌ಸ್ಕೇಪ್ ಬ್ರೌಸರಿಗಾಗಿ ರಚಿಸಿದರು. ತೆರೆದಿರುವ ಪುಟವೇ ದೂರದ ಸರ್ವರಿಗೆ ಕೋರಿಕೆ ಕಳುಹಿಸುವ ಸಾಧನವೊಂದು 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಬಂದಿತು. ಅದರಲ್ಲಿ ಮೇಲೆ ಹೇಳಿದ ಎರಡು ದಾರಿಗಳೂ ಇದ್ದವು. ರಿಸೀವರು ಹಿಡಿದು ಕೂರುವುದು ತಡೆಯುವ ಕೋರಿಕೆ. ಬರೆದು ಕಳುಹಿಸುವುದು ತಡೆಯದ ಕೋರಿಕೆ. ಮೊದಲನೆಯದನ್ನು ಬರೆಯುವುದು ಸುಲಭ: ಕೇಳು, ಉತ್ತರವನ್ನು ಪಡೆ, ಮುಂದಿನ ಸಾಲಿಗೆ ಹೋಗು. ಈ ಸುಲಭತೆಯೇ ಅನರ್ಥಕ್ಕೆ ಮೂಲವಾಯಿತು.

ಎಷ್ಟು ಹೊತ್ತು ಕಾಯಬೇಕು?

ಬೆಳಕು ಗಾಜಿನ ತಂತುವಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಿಂದ ಸಾಗುತ್ತದೆ. ಶಿರಂಗಾಲದಿಂದ ಬೆಂಗಳೂರಿಗೆ ತಂತುವು ಸುತ್ತಿ ಬಳಸಿ 300 ಕಿಲೋಮೀಟರ್ ಹೋಗುವುದೆಂದಿಟ್ಟುಕೊಂಡರೂ, ಹೋಗಿ ಬರಲು 600ನ್ನು 2,00,000ದಿಂದ ಭಾಗಿಸಿದಷ್ಟು, ಎಂದರೆ 0.003 ಸೆಕೆಂಡು ಸಾಕು. ಹಾಗಾದರೆ ದೂರವು ಅಪರಾಧಿಯಲ್ಲ.

ತಡವಾಗುವುದು ಮುಖ್ಯವಾಗಿ ಎರಡು ಕಡೆ. ಪ್ರವೇಶದ ದಿನಗಳಲ್ಲಿ ಸಾವಿರಾರು ಜನ ಒಮ್ಮೆಗೇ ಕೇಳಿದಾಗ ಸರ್ವರಿನಲ್ಲಿಯೇ ಸರದಿ ಬೆಳೆಯುತ್ತದೆ. ಎರಡನೆಯದು, ದಾರಿಯಲ್ಲಿ ಸಂದೇಶ ನಷ್ಟವಾಗುವುದು. ಮುಂಗಾರಿನ ಮಳೆಯಲ್ಲಿ ವಿದ್ಯುತ್ತು ಹೋಗಿ ಮೊಬೈಲ್ ಗೋಪುರದ ಸಂಕೇತವು ಕ್ಷೀಣಿಸಿತೆನ್ನಿ. ಸರ್ವರಿನೊಡನೆ ಸಂಪರ್ಕ ತೆರೆಯಲು ಕಳುಹಿಸಿದ ಮೊದಲ ಸಂದೇಶವು ತಲಪದಿದ್ದರೆ, 2011ರಲ್ಲಿ ಪ್ರಕಟವಾದ ನಿಯಮದಂತೆ, ಯಂತ್ರವು 1 ಸೆಕೆಂಡು ಕಾದು ಮತ್ತೆ ಕಳುಹಿಸುತ್ತದೆ. ಅದೂ ತಪ್ಪಿದರೆ 2 ಸೆಕೆಂಡು, ಆಮೇಲೆ 4 ಸೆಕೆಂಡು, ಹೀಗೆ ಅವಧಿಯು ಇಮ್ಮಡಿಸುತ್ತ ಹೋಗುವುದು. ಮೂರು ಸಲ ತಪ್ಪಿದರೆ 1, 2, 4 ಕೂಡಿ 7 ಸೆಕೆಂಡುಗಳಾದವು. ಒತ್ತಿದ ಕ್ಷಣವೇ ಉತ್ತರ ಬಂದಂತೆ ತೋರಬೇಕಾದರೆ ಸುಮಾರು 0.1 ಸೆಕೆಂಡಿನೊಳಗೆ ಏನಾದರೂ ಕುರುಹು ಕಾಣಬೇಕೆಂದು ರಾಬರ್ಟ್ ಮಿಲ್ಲರ್ ಎಂಬವರು 1968ರಲ್ಲಿಯೇ ಸೂಚಿಸಿದ್ದರು. 7 ಸೆಕೆಂಡು ಅದರ 70 ಪಟ್ಟು!

ಸರದಿಯಲ್ಲಿ ಆಗುವ ಅನರ್ಥಗಳು

ಈ 7 ಸೆಕೆಂಡುಗಳಲ್ಲಿ ಮೌಸು ಸುಮ್ಮನಿರುವುದಿಲ್ಲ. ಸಾಮಾನ್ಯವಾದ ಮೌಸು ಸೆಕೆಂಡಿಗೆ 125 ಸಲ ತನ್ನ ಚಲನೆಯನ್ನು ವರದಿಮಾಡುತ್ತದೆ. 7 ಸೆಕೆಂಡಿಗೆ 875 ವರದಿಗಳಾದವು. ಇಷ್ಟನ್ನೂ ಸಾಲಿನಲ್ಲಿಟ್ಟರೆ ಮೇಜು ತುಂಬಿಹೋದೀತು. ಆದಕಾರಣ ಬ್ರೌಸರು ಚಲನೆಯ ವರದಿಗಳನ್ನು ಒಂದುಗೂಡಿಸಿ, ಕೊನೆಯ ಸ್ಥಾನವನ್ನು ಮಾತ್ರ ಪುಟಕ್ಕೆ ತಿಳಿಸುತ್ತದೆ. ಚಿತ್ರ ಬರೆಯುವ ಪುಟವೊಂದರಲ್ಲಿ ನೀವು ವೃತ್ತವನ್ನು ಎಳೆಯುತ್ತಿರುವಾಗ ತಡೆಯುಂಟಾದರೆ, ಕಂಸವಿರಬೇಕಾದೆಡೆಯಲ್ಲಿ ನೆಟ್ಟನೆಯ ಜ್ಯಾರೇಖೆಯು ಮೂಡುವುದು ಇದರಿಂದಲೇ.

ಒತ್ತುಗಳ ಗತಿ ಬೇರೆ. ಅವನ್ನು ಒಂದುಗೂಡಿಸುವಂತಿಲ್ಲ, ಒಂದೊಂದೂ ಸಾಲಿನಲ್ಲಿ ನಿಲ್ಲುತ್ತದೆ. ಅಲ್ಲದೆ, ಒತ್ತು ಬಿದ್ದುದು ಯಾವ ಗುಂಡಿಯ ಮೇಲೆ ಎಂಬುದನ್ನು ಬ್ರೌಸರು ನಿರ್ಣಯಿಸುವುದು ಸಾಮಾನ್ಯವಾಗಿ ಚೀಟಿಯನ್ನು ಕೈಗೆತ್ತಿಕೊಂಡಾಗ. ಅಷ್ಟರಲ್ಲಿ ಉತ್ತರ ಬಂದು, ‘ಸಲ್ಲಿಸು’ ಇದ್ದ ಸ್ಥಳಕ್ಕೆ ‘ರದ್ದುಮಾಡು’ ಎಂಬುದು ಬಂದಿದ್ದರೆ, ಹಳೆಯ ಒತ್ತು ಹೊಸ ಗುಂಡಿಗೆ ತಗಲುತ್ತದೆ.

ಇದನ್ನು ತಪ್ಪಿಸಲು ಕೆಲವರು ಒಂದು ಉಪಾಯ ಹೂಡುವರು. ಕೋರಿಕೆಗೆ ಮುನ್ನ ಗುಂಡಿಯನ್ನು ನಿಷ್ಕ್ರಿಯಗೊಳಿಸಿ, ಉತ್ತರ ಬಂದೊಡನೆ ಮತ್ತೆ ಸಕ್ರಿಯಗೊಳಿಸುವುದೇ ಆ ಉಪಾಯ. ನೋಡಲು ಸರಿಯೆನಿಸಿದರೂ ಇದು ಫಲಿಸದು. ಗುಂಡಿಯು ಮಂಕಾದುದನ್ನು ಚಿತ್ರಿಸಬೇಕಾದವನೂ ರಿಸೀವರು ಹಿಡಿದು ಕುಳಿತ ಅದೇ ಗುಮಾಸ್ತ! ಆದುದರಿಂದ ಬದಲಾವಣೆ ಕಣ್ಣಿಗೆ ಕಾಣದು. ನಡುವೆ ಬಿದ್ದ ಒತ್ತುಗಳನ್ನು ಅವನು ನೋಡುವುದಾದರೂ ಗುಂಡಿಯು ಮತ್ತೆ ಸಕ್ರಿಯವಾದ ಮೇಲೆ. ಬಾಗಿಲು ಹಾಕಿದ್ದಾಗ ಬಂದ ಚೀಟಿಗಳೆಲ್ಲ ಬಾಗಿಲು ತೆರೆದಿದ್ದಾಗ ಬಂದಂತೆಯೇ ಸ್ವೀಕೃತವಾಗುತ್ತವೆ.

ಪರಿಹಾರ

ತಡೆಯದ ಕೋರಿಕೆಯನ್ನು ಬಳಸುವುದೇ ಮೊದಲ ಪರಿಹಾರ. 2014ರಲ್ಲಿ ಫೈರ್‌ಫಾಕ್ಸ್ 30 ಬಂದಂದಿನಿಂದ ಆ ಬ್ರೌಸರು, ಮುಖ್ಯ ಎಳೆಯಲ್ಲಿ ತಡೆಯುವ ಕೋರಿಕೆಯನ್ನು ಬಳಸಿದವರನ್ನು ಎಚ್ಚರಿಸುತ್ತಿದೆ. ಹಳೆಯ ಪುಟಗಳು ಕೆಡಬಾರದೆಂದು ಮಾತ್ರ ಆ ಕ್ರಮವನ್ನು ಇನ್ನೂ ಉಳಿಸಿಕೊಂಡಿದ್ದಾರೆ.

ಆದರೆ ಅದೊಂದೇ ಸಾಲದು. ಪುಟವು ಎಚ್ಚರವಾಗಿರುವುದರಿಂದ ಎರಡನೆಯ ಒತ್ತನ್ನೂ ಅದು ಆ ಕ್ಷಣವೇ ಸ್ವೀಕರಿಸೀತು. ಆದ್ದರಿಂದ ಗುಂಡಿಯನ್ನು ನಿಷ್ಕ್ರಿಯಗೊಳಿಸಿ, ‘ಕಾಯಿರಿ’ ಎಂದು ತೋರಿಸಿ, ಉತ್ತರದ ಚೀಟಿ ಬಂದ ಮೇಲೆಯೇ ಸಕ್ರಿಯಗೊಳಿಸತಕ್ಕದ್ದು. ಹಿಂದೆ ವಿಫಲವಾದ ಉಪಾಯ ಈಗ ಫಲಿಸುತ್ತದೆ. ಏಕೆಂದರೆ ಗುಮಾಸ್ತನ ಕೈ ಬಿಡುವಾಗಿದೆ. ಇದಲ್ಲದೆ ಪ್ರತಿಯೊಂದು ಅರ್ಜಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಮೊದಲಿನ ರಸೀದಿಯನ್ನೇ ಹಿಂದಿರುಗಿಸುವಂತೆ ಸರ್ವರಿನಲ್ಲಿಯೂ ಏರ್ಪಡಿಸಬೇಕು. ಹಣದ ವಿಷಯದಲ್ಲಿ ಈ ಎರಡನೆಯ ಕಾವಲು ಅತ್ಯಗತ್ಯ.

ಮಾಡಿ ನೋಡಿರಿ

ಜಾವಾಸ್ಕ್ರಿಪ್ಟ್ ಬಲ್ಲವರು ಒಂದು ಗುಂಡಿಯೂ ಒಂದು ಎಣಿಕೆಯೂ ಇರುವ ಪುಟವನ್ನು ಬರೆದು, ಗುಂಡಿಯನ್ನು ಒತ್ತಿದಾಗ ಗಡಿಯಾರವನ್ನು ನೋಡುತ್ತ 5 ಸೆಕೆಂಡು ಬರಿದೇ ಸುತ್ತಿ, ಬಳಿಕ ಎಣಿಕೆಗೆ 1ನ್ನು ಕೂಡಿಸುವಂತೆ ಮಾಡಲಿ. ಸುತ್ತು ನಡೆದಿರುವಾಗ ಮೂರು ಸಲ ಒತ್ತಿರಿ. ಎಣಿಕೆಯು ಕೊನೆಗೆ ಎಷ್ಟಾಗುವುದು, ಎಷ್ಟು ಸೆಕೆಂಡು ಹಿಡಿಯುವುದು ಎಂಬುದನ್ನು ಮೊದಲು ಊಹಿಸಿ, ಅನಂತರ ಪರೀಕ್ಷಿಸಿರಿ.

ಇನ್ನೊಂದು ಲೆಕ್ಕ: ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕ ಕೋರಿಕೆ ಹೋಗಿ ಉತ್ತರ ಬರಲು ಕನಿಷ್ಠ ಎಷ್ಟು ಕಾಲ ಬೇಕು? ಆ ಎತ್ತರವನ್ನು ನಾಲ್ಕು ಸಲ ದಾಟಬೇಕೆಂಬುದನ್ನು ಮರೆಯದಿರಿ. ಬಂದ ಉತ್ತರವನ್ನು ಮಿಲ್ಲರರ 0.1 ಸೆಕೆಂಡಿನೊಡನೆ ಹೋಲಿಸಿ ನೋಡಿರಿ. ಬೆಳಕಿನ ವೇಗವನ್ನು ನಾವು ಹೆಚ್ಚಿಸಲಾರೆವು. ಕಾಯುವುದು ಎಂದಿಗೂ ತಪ್ಪದು. ಕಾಯುವಾಗ ಕಿವಿ ಮುಚ್ಚಿಕೊಳ್ಳದಿರುವುದಷ್ಟೇ ನಮ್ಮ ಕೈಯಲ್ಲಿದೆ.