ಟೋಕನ್ ಅಸಲಿ, ಮನೆ ಬೇರೆಯವರದ್ದು

ನೀವು ಯಾರು ಅಂತ ಕೇಳೋದು ಅಥೆಂಟಿಕೇಶನ್. ನಿಮಗೆ ಇಲ್ಲಿ ಏನು ಮಾಡೋ ಅಧಿಕಾರ ಇದೆ ಅಂತ ಕೇಳೋದು ಆಥರೈಸೇಶನ್. ಎರಡನೇ ಪ್ರಶ್ನೆ ಕೇಳೋದು ಮರೆತರೆ ಏನಾಗುತ್ತೆ ಅನ್ನೋದಕ್ಕೆ ಮೈಕ್ರೋಸಾಫ್ಟ್‌ನ ಎಂಟ್ರಾ ಐಡಿ ಒಳ್ಳೆ ಉದಾಹರಣೆ.

ಎಂಟ್ರಾ ಐಡಿ ಒಂದು ದೊಡ್ಡ ವಠಾರ ಅಂದ್ಕೊಳ್ಳಿ. ಒಂದೊಂದು ಸಂಸ್ಥೆಗೂ ಒಂದೊಂದು ಮನೆ, ಅದೇ ಟೆನೆಂಟ್. ಮೈಕ್ರೋಸಾಫ್ಟ್‌ನ ಸೇವೆಗಳು ಬಳಕೆದಾರರ ಪರವಾಗಿ ತಮ್ಮತಮ್ಮಲ್ಲೇ ಮಾತಾಡೋಕೆ ‘ಆಕ್ಟರ್ ಟೋಕನ್’ ಬಳಸುತ್ತಿದ್ದವು. 2025ರ ಜುಲೈನಲ್ಲಿ ಸಂಶೋಧಕ ಡಿರ್ಕ್-ಯಾನ್ ಮೊಲೆಮಾ ಇದರಲ್ಲಿ ಒಂದು ದೋಷ ಕಂಡುಹಿಡಿದರು. ಹಳೆಯ ಅಜೂರ್ ಎಡಿ ಗ್ರಾಫ್ ಎಪಿಐ ಈ ಟೋಕನ್ ಅಸಲಿಯಾ ಅಂತ ನೋಡ್ತಿತ್ತು, ಯಾವ ಮನೆಯಿಂದ ಬಂತು ಅಂತ ನೋಡ್ತಿರಲಿಲ್ಲ! ತನ್ನ ಟೆನೆಂಟ್‌ನ ಟೋಕನ್ ಹಿಡ್ಕೊಂಡು ಇನ್ನೊಂದು ಟೆನೆಂಟ್‌ನ ಗ್ಲೋಬಲ್ ಅಡ್ಮಿನ್ ಆಗಿಬಿಡಬಹುದಿತ್ತು. ಟೋಕನ್ ಆಯಸ್ಸು 24 ಗಂಟೆ, ನಡುವೆ ರದ್ದು ಮಾಡೋಕೂ ಆಗಲ್ಲ. ತೀವ್ರತೆ 10ಕ್ಕೆ 10. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಸರಿಪಡಿಸಿತು.

ಇದನ್ನು ಓದಿ ನಗೋ ಮುಂಚೆ ನಮ್ಮ ಮಿನಿ ಪ್ರಾಜೆಕ್ಟ್ ತೆಗೆದು ನೋಡಿದ್ವಿ. ಲಾಗಿನ್ ಆಗಿ, ಯುಆರ್‌ಎಲ್ ಕೊನೆಯ 41 ಅನ್ನು 42 ಮಾಡಿದ್ವಿ. ಪಕ್ಕದ ಬೆಂಚಿನವನ ಇಂಟರ್ನಲ್ಸ್ ಅಂಕಗಳು ಬಂದ್ವು. ನಾವೂ ಟೋಕನ್ ಅಸಲಿಯಾ ಅಂತ ಮಾತ್ರ ನೋಡಿದ್ವಿ. ಆ ಅಂಕಗಳು ಲಾಗಿನ್ ಆದವರದ್ದೇನಾ ಅಂತ ಕೇಳೋ ಎರಡು ಸಾಲು ಕೋಡ್ ಅವತ್ತೇ ರಾತ್ರಿ ಸೇರಿಸಿದ್ವಿ.