ನದಿಮೂಲ ಬಿಡು, ಇಂಧನಮೂಲ ಹುಡುಕು

ಮಗಳೇ,

ಮೊನ್ನೆ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ನೀನು ಕೇಳಿದೆ: "ದೊಡ್ಡಪ್ಪ, ಒಬ್ಬರು ಮೆಥನಾಲ್ ಅಂತಾರೆ, ಇನ್ನೊಬ್ಬರು ಅಮೋನಿಯಾ ಅಂತಾರೆ, ಮತ್ತೊಬ್ಬರು ಹೈಡ್ರೋಜನ್ ಅಂತಾರೆ. ನಾನು ಯಾವುದನ್ನು ಕಲಿಯಲಿ?" ಅಷ್ಟರಲ್ಲಿ ಮಳೆ ಹನಿಯಿತು, ಅಂಗಳದ ಅಡಿಕೆ ಎತ್ತಲು ಎಲ್ಲರೂ ಎದ್ದೆವು, ಮಾತು ಅಲ್ಲಿಗೇ ನಿಂತಿತು. ಬರುವ ತಿಂಗಳು ನೀನು ಮೊದಲ ಹಡಗು ಹತ್ತುತ್ತೀಯ. ಅದಕ್ಕೆ ಮುಂಚೆ ಉತ್ತರ ಬರೆದುಕೊಡುತ್ತಿದ್ದೇನೆ. ವಿಮಾನ ರಿಪೇರಿ ಕಲಿಯುತ್ತಿರುವ ನಿನ್ನ ತಮ್ಮನಿಗೂ ಓದಿಸು.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಎಂಜಿನ್ ರೂಮಿನಲ್ಲಿ ಕಳೆದವನು. ನಮ್ಮ ಕಾಲದ ಅನ್ನ ಹೆವಿ ಫ್ಯೂಯಲ್ ಆಯಿಲ್. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲು ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಷ್ಟು ಅದು. ತಣ್ಣಗಿದ್ದರೆ ಜೋನಿಬೆಲ್ಲದ ಹಾಗೆ, ಪಂಪಿಗೂ ಬಗ್ಗುವುದಿಲ್ಲ. ಟ್ಯಾಂಕಿನಲ್ಲೇ ಬೆಚ್ಚಗಿಟ್ಟು, 98 ಡಿಗ್ರಿಗೆ ಕಾಯಿಸಿ ಪ್ಯೂರಿಫೈಯರ್‌ನಲ್ಲಿ ಗಿರಗಿರ ತಿರುಗಿಸಿ, ನೀರು ಕೆಸರು ಬೇರ್ಪಡಿಸಿ, ಮತ್ತೆ 130 ಡಿಗ್ರಿಯ ಆಸುಪಾಸಿಗೆ ಕಾಯಿಸಿದ ಮೇಲೆಯೇ ಎಂಜಿನ್ನು ಅದನ್ನು ಒಪ್ಪುತ್ತಿತ್ತು. ಆ ಪ್ಯೂರಿಫೈಯರ್ ರೂಮಿನ ಸೆಕೆ, ಆ ವಾಸನೆ ನನ್ನ ಬಟ್ಟೆಯಿಂದ ಕೊನೆಯವರೆಗೂ ಹೋಗಲಿಲ್ಲ.

ಆ ಎಣ್ಣೆಯೇ ಜಗತ್ತಿನ ಸರಕು ಸಾಗಿಸಿತು. ಹಾಗೆಯೇ ಆಕಾಶಕ್ಕೆ ಹೊಗೆಯನ್ನೂ ಸೇರಿಸಿತು. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಹಡಗುಗಳ ಪಾಲು ಶೇ. 3ರಷ್ಟು, ವಿಮಾನಗಳದು ಶೇ. 2.5ರಷ್ಟು. ಇದರಲ್ಲಿ ನಾನು ಉರಿಸಿದ ಪಾಲೂ ಇದೆ. ಅದಕ್ಕೇ ಈ ಮಾತು ನಿನಗೆ ಹೇಳುವುದು ನನ್ನ ಕರ್ತವ್ಯ ಅಂದುಕೊಂಡಿದ್ದೇನೆ.

ಮೊದಲು ತೂಕ ನೋಡುವುದು ಕಲಿ. ಕಾರು, ಬಸ್ಸು ಬ್ಯಾಟರಿಯಲ್ಲಿ ಓಡುವಾಗ ಹಡಗು, ವಿಮಾನ ಏಕೆ ಓಡಬಾರದು ಅಂತ ಜನ ಕೇಳುತ್ತಾರೆ. ಒಂದು ಕಿಲೋ ವಿಮಾನದ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ, ಒಂದು ಕಿಲೋ ಒಳ್ಳೆಯ ಬ್ಯಾಟರಿಯಲ್ಲಿ ಕಾಲು ಯೂನಿಟ್. ಕಡವು ದಾಟಿಸುವ ದೋಣಿಗೆ ಬ್ಯಾಟರಿ ಸಾಕು, ಸಾಗರ ದಾಟಲು ಸಾಲದು. ಹೈಡ್ರೋಜನ್ ತೂಕದಲ್ಲಿ ಹಗುರ, ಆದರೆ ದ್ರವವಾಗಿಡಲು ಸೊನ್ನೆಗಿಂತ 253 ಡಿಗ್ರಿ ಕೆಳಗೆ ಇಳಿಸಬೇಕು, ಜಾಗವೂ ನಾಲ್ಕು ಪಟ್ಟು ಬೇಕು. ಮೆಥನಾಲ್ ಮಾಮೂಲಿ ಟ್ಯಾಂಕಿನಲ್ಲಿ ನಿಲ್ಲುತ್ತದೆ, ಆದರೆ ಅಷ್ಟೇ ದೂರ ಹೋಗಲು ಎರಡೂವರೆ ಪಟ್ಟು ದೊಡ್ಡ ಟ್ಯಾಂಕು ಬೇಕು. ಅಮೋನಿಯಾಕ್ಕೆ ಮೂರು ಪಟ್ಟು. ಟ್ಯಾಂಕು ಬೆಳೆದಷ್ಟೂ ಸರಕಿನ ಜಾಗ ಕುಗ್ಗುತ್ತದೆ. ಯಾರಾದರೂ ಹೊಸ ಇಂಧನದ ಗುಣಗಾನ ಮಾಡಿದರೆ ಮೊದಲು ಈ ಲೆಕ್ಕ ಕೇಳು.

ಎರಡನೆಯದು, ಇದೇ ಮುಖ್ಯವಾದದ್ದು. ಋಷಿಮೂಲ, ನದಿಮೂಲ ಹುಡುಕಬಾರದು ಅಂತ ಹಿರಿಯರು ಹೇಳಿದರು. ಇಂಧನದ ಮೂಲವನ್ನು ಮಾತ್ರ ಹುಡುಕಲೇಬೇಕು. ಚಿಮಣಿಯ ತುದಿಯಲ್ಲಿ ನಿಂತು ನೋಡಿದರೆ ಸತ್ಯ ಸಿಗುವುದಿಲ್ಲ. ಅಮೋನಿಯಾದಲ್ಲಿ ಇಂಗಾಲವೇ ಇಲ್ಲ, ಉರಿದರೆ ಇಂಗಾಲದ ಹೊಗೆ ಬರುವುದಿಲ್ಲ, ನಿಜ. ಆದರೆ ಇವತ್ತು ಜಗತ್ತಿನ ಅಮೋನಿಯಾ ಬಹುಪಾಲು ತಯಾರಾಗುವುದು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ. ಆ ಕಾರ್ಖಾನೆಯ ಹೊಗೆಯನ್ನು ಯಾರ ಲೆಕ್ಕಕ್ಕೆ ಬರೆಯುವುದು? ಗಾಳಿ, ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು, ಬಂದ ಹೈಡ್ರೋಜನ್ನಿನಿಂದ ಮಾಡಿದ ಅಮೋನಿಯಾ ಬೇರೆ. ಮೆಥನಾಲ್ ಕಥೆಯೂ ಹೀಗೆಯೇ. ಹೆಸರು ಒಂದೇ, ವಾಸನೆ ಒಂದೇ, ಪೈಪು ಒಂದೇ, ತವರು ಬೇರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಯುರೋಪು 2025ರ ಜನವರಿಯಿಂದ ತನ್ನ ಬಂದರಿಗೆ ಬರುವ ದೊಡ್ಡ ಹಡಗುಗಳ ಇಂಧನವನ್ನು ಹುಟ್ಟಿದಲ್ಲಿಂದ ಉರಿದು ಮುಗಿಯುವವರೆಗೆ ಲೆಕ್ಕ ಹಾಕುತ್ತಿದೆ. ಸರಿಯಾದ ಲೆಕ್ಕ ಅದೇ.

ನಿನ್ನ ತಮ್ಮನಿಗೂ ಇದೇ ಪಾಠ. 2018ರ ಆಗಸ್ಟಿನಲ್ಲಿ ಡೆಹ್ರಾಡೂನಿನಿಂದ ದೆಹಲಿಗೆ ಸ್ಪೈಸ್‌ಜೆಟ್ ವಿಮಾನವೊಂದು ಜತ್ರೋಪ ಬೀಜದ ಎಣ್ಣೆಯಿಂದ ಮಾಡಿದ ಇಂಧನ ಬೆರೆಸಿಕೊಂಡು ಹಾರಿತು. ಇಂಧನ ತಯಾರಿಸಿದ್ದು ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ. 2023ರ ನವೆಂಬರಿನಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ ವರ್ಜಿನ್ ಅಟ್ಲಾಂಟಿಕ್ ವಿಮಾನ ಪೂರ್ತಿ ಇಂಥ ಇಂಧನದಲ್ಲೇ ಸಾಗರ ದಾಟಿತು. ಎಂಜಿನ್ನಿನ ಹಿಂದಿನಿಂದ ಇಂಗಾಲ ಬಂದೇ ಬಂತು. ಉಳಿತಾಯ ಆಗುವುದು ಅಲ್ಲಲ್ಲ, ಗಿಡ ಬೆಳೆಯುವಾಗ ಗಾಳಿಯಿಂದ ಹೀರಿದ್ದೇ ಮತ್ತೆ ಗಾಳಿಗೆ ಹೋಯಿತು ಎಂಬಲ್ಲಿ. ಆದ್ದರಿಂದ ಆ ಎಣ್ಣೆಗಾಗಿ ಎಲ್ಲೋ ಕಾಡು ಕಡಿದು ತಾಳೆ ನೆಟ್ಟಿದ್ದರೆ ಆ ಉಳಿತಾಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಹೋಟೆಲಿನ ಬಾಣಲೆ ನೆನೆಸಿಕೋ. ಗೋಳಿಬಜೆ ಕರಿದು ಕರಿದು ಕಪ್ಪಾದ ಎಣ್ಣೆ. ಒಂದು ಮಿತಿ ದಾಟಿದ ಮೇಲೆ ಆ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಅಂತ 2018ರಿಂದ ನಿಯಮವಿದೆ. ಆ ಎಣ್ಣೆಗೆ ಹೆಚ್ಚಿನ ಒತ್ತಡ, ಬಿಸಿಯಲ್ಲಿ ಹೈಡ್ರೋಜನ್ ಸೇರಿಸಿ, ಅದರೊಳಗಿನ ಆಮ್ಲಜನಕವನ್ನು ತೆಗೆದು, ಉಳಿದ ಉದ್ದದ ಸರಪಳಿಯನ್ನು ತುಂಡರಿಸಿ, ಕವಲೊಡೆಸಿದರೆ ವಿಮಾನದ ಇಂಧನ. ಇಂಡಿಯನ್ ಆಯಿಲ್ ಕಂಪನಿಯ ಪಾಣಿಪತ್ ರಿಫೈನರಿಗೆ 2025ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿದೆ. ನಮ್ಮ ದೇಶದಿಂದ ಹೊರಗೆ ಹಾರುವ ವಿಮಾನಗಳಿಗೆ 2027ರಲ್ಲಿ ಶೇ. 1, 2028ರಲ್ಲಿ ಶೇ. 2, 2030ರಲ್ಲಿ ಶೇ. 5 ಇಂಥ ಇಂಧನ ಬೆರೆಸುವ ಗುರಿ ಇದೆ. ಆದರೆ ಊರಿನ ಬಾಣಲೆಗಳನ್ನೆಲ್ಲ ಬಗ್ಗಿಸಿದರೂ ಆಕಾಶದ ಹಸಿವು ತೀರದು. 2024ರಲ್ಲಿ ಜಗತ್ತಿನ ವಿಮಾನ ಇಂಧನದಲ್ಲಿ ಇಂಥ ಎಲ್ಲ ಹಸಿರು ಇಂಧನಗಳ ಪಾಲು ಶೇ. 0.3 ಮಾತ್ರ, ಬೆಲೆಯೋ ಎರಡು ಪಟ್ಟಿಗೂ ಮೇಲೆ. ಕಬ್ಬಿನ ಎಥನಾಲಿನಿಂದಲೂ ಮಾಡಬಹುದು. ಹಾಗಿದ್ದಲ್ಲಿ ಮಂಡ್ಯ, ಬೆಳಗಾವಿಯ ಗದ್ದೆಯ ನೀರಿನ ಲೆಕ್ಕವನ್ನೂ ಜೊತೆಗೇ ಇಡಬೇಕು. ಜತ್ರೋಪವನ್ನೇ ನೋಡು. ಬರಡು ನೆಲದಲ್ಲಿ ಬಂಗಾರ ಬೆಳೆಯುತ್ತದೆ ಅಂತ ಊರೂರಲ್ಲಿ ನೆಟ್ಟರು. ನೀರು ಗೊಬ್ಬರ ಇಲ್ಲದೆ ಅದು ಹೇಳಿದಷ್ಟು ಬೀಜ ಕೊಡಲಿಲ್ಲ. ಭರವಸೆಯನ್ನು ನೆಟ್ಟು ಇಳುವರಿ ಎಣಿಸಬಾರದು.

ಮೂರನೆಯದು. ಉರಿಸದೇ ಉಳಿಸಿದ ಎಣ್ಣೆಗಿಂತ ಶುದ್ಧ ಇಂಧನ ಇಲ್ಲ. ಹಡಗಿನ ವೇಗ ಹತ್ತರಲ್ಲೊಂದು ಪಾಲು ಇಳಿಸಿದರೆ ಎಂಜಿನ್ನಿಗೆ ಬೇಕಾದ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಪ್ರಯಾಣದ ದಿನ ಹೆಚ್ಚಾದರೂ ಒಟ್ಟು ಎಣ್ಣೆಯಲ್ಲಿ ಐದರಲ್ಲೊಂದು ಪಾಲಿನಷ್ಟು ಉಳಿಯುತ್ತದೆ. 2023ರಲ್ಲಿ ಪಿಕ್ಸಿಸ್ ಓಷನ್ ಎಂಬ ಸರಕು ಹಡಗು 37.5 ಮೀಟರ್ ಎತ್ತರದ ಎರಡು ಗಟ್ಟಿ ಹಾಯಿ ಏರಿಸಿಕೊಂಡು ಸಾಗರಕ್ಕೆ ಇಳಿಯಿತು. ಹಾಯಿ ಕಟ್ಟಿದ ಮಂಜಿಗಳಲ್ಲಿ ಹೆಂಚು ಸಾಗಿಸಿದ ಕರಾವಳಿಯವರು ನಾವು. ಗಾಳಿಗೆ ಬಿಲ್ ಇಲ್ಲ ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು.

ಇನ್ನು ನಿನ್ನ ಜೀವದ ಮಾತು. ನಮ್ಮ ಎಣ್ಣೆ ಕೊಳಕಾಗಿತ್ತು, ಆದರೆ ಸೋರಿದರೆ ಕಣ್ಣಿಗೆ ಕಾಣುತ್ತಿತ್ತು. ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಾಣುವುದೇ ಇಲ್ಲ, ಬೆಂಕಿ ಹತ್ತಿದ್ದು ಮೈಗೆ ತಾಗಿದ ಮೇಲೆ ತಿಳಿಯುತ್ತದೆ. ಅಮೋನಿಯಾ ಮೂಗಿಗೆ ಹೊಡೆಯುತ್ತದೆ, ಹೆಚ್ಚಾದರೆ ಕೊಲ್ಲುತ್ತದೆ. ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲಿ ದಶಕಗಳಿಂದ ಅಮೋನಿಯಾ ಮಾಡುತ್ತಿದ್ದಾರೆ. ಅಂಥ ಕಡೆ ದುಡಿದವರ ಹತ್ತಿರ ಕೂತು ಕೇಳು, ಪುಸ್ತಕದಲ್ಲಿ ಇಲ್ಲದ್ದನ್ನು ಅವರು ಹೇಳುತ್ತಾರೆ. ಮಾಸ್ಕು, ಡಿಟೆಕ್ಟರ್, ಡ್ರಿಲ್ಲು ಯಾವುದನ್ನೂ ಹಗುರವಾಗಿ ತೆಗೆದುಕೊಳ್ಳಬೇಡ. ಚೀಫ್ ಎಂಜಿನಿಯರ್ ಅವಸರ ಮಾಡಿದರೂ ಸರಿ, "ಸರ್, ಗ್ಯಾಸ್ ನೋಡಿ ಒಳಗೆ ಹೋಗುತ್ತೇನೆ" ಅನ್ನು.

ನಾನು ಒಮ್ಮೆ ಅವಸರ ಮಾಡಿದ್ದೇನೆ. ಒಂದು ಬಂದರಿನಲ್ಲಿ ಎಣ್ಣೆ ತುಂಬಿಸಿಕೊಂಡೆವು. ಸ್ಯಾಂಪಲ್ ಲ್ಯಾಬಿಗೆ ಹೋಗಿತ್ತು, ವರದಿ ಬಂದಿರಲಿಲ್ಲ. ಹೊರಡುವ ತುರ್ತಿನಲ್ಲಿ ಅದನ್ನೇ ಎಂಜಿನ್ನಿಗೆ ಕೊಟ್ಟೆ. ಎಣ್ಣೆಯಲ್ಲಿ ರಿಫೈನರಿಯ ಕ್ಯಾಟ್ ಫೈನ್ಸ್ ಎಂಬ ಗಟ್ಟಿ ಪುಡಿ ಇತ್ತು. ಪಿಸ್ಟನ್ ರಿಂಗು, ಲೈನರ್ ಉಜ್ಜಿ ಸವೆದುಹೋದವು. ನಡುಸಮುದ್ರದಲ್ಲಿ ಎಂಜಿನ್ ನಿಲ್ಲಿಸಿ ಒಂದೊಂದೇ ಪಿಸ್ಟನ್ ಎಳೆದೆವು. ಬೆರಳಲ್ಲಿ ಮುಟ್ಟಿದಾಗ ಲೈನರ್ ಮೇಲಿನ ಗೀರುಗಳು ಉಗುರಿಗೆ ಸಿಗುತ್ತಿದ್ದವು. ಇಂಧನ ಎಲ್ಲಿಂದ ಬಂತು, ಒಳಗೆ ಏನಿದೆ ಅಂತ ತಿಳಿಯದೆ ಉರಿಸಬಾರದು ಎಂಬುದನ್ನು ನಾನು ಆ ಗೀರುಗಳಿಂದ ಕಲಿತೆ.

ಯಾವುದು ಗೆಲ್ಲುತ್ತದೆ ಅಂತ ಕಾಯುತ್ತ ಕೂರಬೇಡ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2050ರ ಹೊತ್ತಿಗೆ ಹಡಗುಗಳ ನಿವ್ವಳ ಹೊಗೆ ಸೊನ್ನೆಯಾಗಬೇಕು ಅಂತ 2023ರಲ್ಲಿ ಗುರಿ ಇಟ್ಟಿತು. ಅದಕ್ಕೆ ಬೇಕಾದ ಕಟ್ಟುನಿಟ್ಟಿನ ನಿಯಮವನ್ನು 2025ರ ಅಕ್ಟೋಬರಿನಲ್ಲಿ ಒಂದು ವರ್ಷ ಮುಂದಕ್ಕೆ ಹಾಕಿತು. ಸಭೆಗಳು ಮುಂದೆ ಹೋಗುತ್ತವೆ, ಸಮುದ್ರ ಕಾಯುವುದಿಲ್ಲ. 2023ರಲ್ಲಿ ನೀರಿಗಿಳಿದ ಲಾರಾ ಮೇರ್ಸ್ಕ್ ಎಂಬ ಹಡಗು ಮೆಥನಾಲಿನಲ್ಲಿ ಓಡಬಲ್ಲದು. ನಮ್ಮ ಮಲ್ಪೆಯ ಶಿಪ್‌ಯಾರ್ಡು ನಾರ್ವೆಯ ಕಂಪನಿಗೆ ಡೀಸೆಲ್ ಎಲೆಕ್ಟ್ರಿಕ್ ಹಡಗು ಕಟ್ಟಿಕೊಡುತ್ತಿದೆ. ನೀನು ಒಂದು ಇಂಧನವನ್ನಲ್ಲ, ರಸಾಯನಶಾಸ್ತ್ರವನ್ನು, ತಾಪ, ಒತ್ತಡಗಳ ನಡತೆಯನ್ನು ಗಟ್ಟಿಯಾಗಿ ಕಲಿ. ಇಂಧನ ಬದಲಾದರೂ ಆ ವಿದ್ಯೆ ಕೈಬಿಡುವುದಿಲ್ಲ.

ಪ್ರತಿ ಸಲ ಎಣ್ಣೆ ತುಂಬಿಸಿದಾಗಲೂ ಬಂಕರ್ ಡೆಲಿವರಿ ನೋಟ್ ಎಂಬ ಕಾಗದ ಕೈಗೆ ಬರುತ್ತದೆ. ಮೂರು ವರ್ಷ ಹಡಗಿನಲ್ಲಿ ಇಡಬೇಕಾದ ಕಾಗದ ಅದು. ಮುಂದೊಂದು ದಿನ ಅದರ ಮೇಲೆ ನಿನ್ನ ಸಹಿ ಬೀಳುತ್ತದೆ. ಹಸಿರು ಇಂಧನ ಅಂತ ಹೇಳಿ ಕೊಟ್ಟರೆ ಅದರ ಮೂಲದ ಪ್ರಮಾಣಪತ್ರ ಕೇಳು, ಸಾಲು ಸಾಲಾಗಿ ಓದು, ಸಂಶಯ ಬಂದರೆ ಮತ್ತೆ ಕೇಳು. ಓದದೆ ಮಾತ್ರ ಸಹಿ ಹಾಕಬೇಡ, ಮಗಳೇ.